ಕಾಯಂ ಪಟ್ಟಿಯಲ್ಲಿ ಒಂದು ಹೆಸರು

ನನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಉತ್ತರ ಆಮೇಲೆ. ಸಿಂಧನೂರಿನಲ್ಲಿ ಹೆಂಗಸೊಬ್ಬಳು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಾಳೆ ಎಂದರೆ ಸಾಕು, ಜನ ಆಧಾರ್ ತಿದ್ದಿಸಲು ಬರುತ್ತಾರೆ, ಪಹಣಿ ತೆಗೆಸಲು ಬರುತ್ತಾರೆ, ಮದುವೆ ಕಾರ್ಡಿಗೆ ಗಣಪತಿಯ ಚಿತ್ರ ಹುಡುಕಿಕೊಡಿ ಎನ್ನುತ್ತಾರೆ. ನಮ್ಮ ಓಣಿಯ ಅಜ್ಜನೊಬ್ಬ ಟಿವಿ ರಿಮೋಟು ಹಿಡಿದುಕೊಂಡು ಬಂದಿದ್ದ. ನಾನು ಮಾಡುವುದು ಬೇರೆ. ಗಿರಣಿ, ಗೊಬ್ಬರದಂಗಡಿ, ಸಂಘಗಳು ತಮ್ಮ ವ್ಯವಹಾರಕ್ಕೆಂದು ಕೊಂಡು ತಂದ ಸಾಫ್ಟ್‌ವೇರನ್ನು ಅವರವರ ಪದ್ಧತಿಗೆ ಹೊಂದಿಸಿಕೊಡುತ್ತೇನೆ. ಅದು ಎಲ್ಲಿಯೋ ಯಾರೋ ಎಲ್ಲರಿಗೂ ಆಗಲಿ ಎಂದು ಹೊಲಿದ ಅಂಗಿ. ತೋಳು ಮಡಚಿ, ಬಗಲು ಹಿಡಿದು ನಮ್ಮೂರವರ ಮೈಗೆ ಕೂರಿಸುವುದು ನನ್ನ ಪಾಲಿನದು. ಈ ಕೆಲಸ ನನಗೆ ಇಷ್ಟ. ಇಷ್ಟು ವರ್ಷವಾದರೂ ಬೇಸರ ಬಂದಿಲ್ಲ.

ಈಗ ಹೇಳುವುದು ಒಂದು ರೈತರ ಸಂಘದ ಸುದ್ದಿ. ಸಂಘದ ಮುಖ್ಯ ಕಚೇರಿ ಸಿಂಧನೂರಿನಲ್ಲಿ, ಶಾಖೆಗಳು ಮಸ್ಕಿಯಲ್ಲಿ ಮತ್ತು ಲಿಂಗಸುಗೂರಿನಲ್ಲಿ. ಮೂರೂ ಒಂದೇ ರಸ್ತೆಯ ಮೇಲಿವೆ. ಇಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿದರೆ ನಡುವೆ ಮಸ್ಕಿ ಬರುತ್ತದೆ. ಬೀಜ, ಗೊಬ್ಬರ ಮಾರುವುದು, ಭತ್ತ, ತೊಗರಿ ಕೊಳ್ಳುವುದು ಸಂಘದ ವ್ಯವಹಾರ. ಸಿಂಧನೂರಿನ ಕಡೆ ಕಾಲುವೆ, ಭತ್ತ. ಲಿಂಗಸುಗೂರಿನ ಕಡೆ ಮಳೆ ನಂಬಿದ ತೊಗರಿ, ಸಜ್ಜೆ, ಹತ್ತಿ. ಮಸ್ಕಿಗೆ ಎರಡೂ ಕಡೆಯವರು ಬರುತ್ತಾರೆ. ಒಂದೇ ಸಂಘವಾದರೂ ಮೂರು ಕಚೇರಿಗಳ ಲೆಕ್ಕ ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಅದನ್ನು ಸರಿಪಡಿಸಲು ಹೊಸ ಸಾಫ್ಟ್‌ವೇರ್ ತಂದು ನನ್ನನ್ನು ಕರೆದರು.

ಆ ಸಾಫ್ಟ್‌ವೇರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಚಿಕ್ಕ ಸೌಲಭ್ಯ. ಸಂಘದ ಹೆಸರು, ವಿಳಾಸ, ತೆರಿಗೆಯ ದರ, ಒಂದು ಚೀಲದ ತೂಕ, ಇಂಥವು ಬಿಲ್ಲಿನಲ್ಲಿ ಬೇಕು, ರಸೀದಿಯಲ್ಲಿ ಬೇಕು, ಗೋದಾಮಿನ ವರದಿಯಲ್ಲೂ ಬೇಕು. ಪ್ರತಿ ಕಡೆಯೂ ಅದನ್ನೇ ಬರೆಯುತ್ತ ಹೋಗುವ ಬದಲು, ಅದಕ್ಕೊಂದು ಹೆಸರು ಕೊಟ್ಟು, ಬೆಲೆಯನ್ನು ಒಂದೇ ಒಂದು ಕಡೆ ಬರೆದಿಡಬಹುದು. ಉಳಿದೆಲ್ಲ ಕಡೆ ಆ ಹೆಸರನ್ನು ಮಾತ್ರ ಕರೆದರೆ ಸಾಕು. ‘ಭತ್ತದ ಚೀಲ’ ಎಂದರೆ ಎಪ್ಪತ್ತೈದು ಕಿಲೋ ಎಂದು ಒಮ್ಮೆ ಬರೆದರೆ ಮೂರೂ ಊರಿನ ಕಂಪ್ಯೂಟರುಗಳಿಗೆ ಅದು ಗೊತ್ತು. ಬದಲಾದರೆ ಒಂದು ಕಡೆ ಬದಲಿಸಿ, ಎಲ್ಲ ಕಡೆಯೂ ಬದಲಾಗುತ್ತದೆ.

ಇದರ ಬೆಲೆ ಸಂಘದವರಿಗೆ ಮೊದಲೇ ಗೊತ್ತಿತ್ತು. ಹಿಂದೆ ಯೂರಿಯಾ ಚೀಲ ಐವತ್ತು ಕಿಲೋ ಇದ್ದದ್ದು ನಲವತ್ತೈದಕ್ಕೆ ಇಳಿದಾಗ, ಹಳೆಯ ಕಂಪ್ಯೂಟರಿನಲ್ಲಿ ಬಿಲ್ಲು ಬರೆಯುವಲ್ಲಿ ನಲವತ್ತೈದು ಮಾಡಿ, ಗೋದಾಮಿನ ವರದಿಯಲ್ಲಿ ಐವತ್ತನ್ನೇ ಬಿಟ್ಟಿದ್ದರು. ಕಾಗದದ ಮೇಲೆ ಇದ್ದ ಗೊಬ್ಬರ ಗೋದಾಮಿನಲ್ಲಿ ಇರುತ್ತಿರಲಿಲ್ಲ. ಎಷ್ಟೋ ದಿನ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡು ಓಡಾಡಿದರಂತೆ. ನಾನು ಆ ಕಥೆ ಕೇಳಿ ನಕ್ಕೆ, ಸಂಘದ ಕಾರ್ಯದರ್ಶಿಗಳು ನಗಲಿಲ್ಲ. ಅವರು ಒಳ್ಳೆಯ ಮನುಷ್ಯ. ಆದರೆ ಯಾವ ಕೆಲಸವನ್ನೂ ಇವತ್ತು ಬೇಡ ಅನ್ನುವವರಲ್ಲ, ನಾಳೆ ಮಾಡೋಣ ಅನ್ನುವವರು. ಇವೆರಡಕ್ಕೂ ಏನು ಫರಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಪರದೆಯ ಮೇಲೆ ಎಲ್ಲವೂ ಕನ್ನಡದಲ್ಲಿರಬೇಕು ಎಂದು ಆಡಳಿತ ಮಂಡಳಿ ಹೇಳಿತ್ತು. ಒಳ್ಳೆಯ ಮಾತು, ನಾನೂ ಉತ್ಸಾಹದಿಂದ ಕೂತೆ. ಖರೀದಿ, ಮಾರಾಟ, ದಾಸ್ತಾನು, ಬಾಕಿ, ಇವಕ್ಕೆಲ್ಲ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ನಾನು ಮೇಲೆ ಹೇಳಿದ ಸೌಲಭ್ಯಕ್ಕೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ಕಾನ್‌ಸ್ಟಂಟ್’, ನಿಘಂಟಿನಲ್ಲಿ ‘ಸ್ಥಿರಾಂಕ’ ಎಂದಿತ್ತು. ಹಾಕಿದೆ. ಕಾರ್ಯದರ್ಶಿಗಳು ಓದಿ, ಕಾಲೇಜಿನ ಫಿಸಿಕ್ಸ್ ಮಾಸ್ತರರ ನೆನಪಾಯಿತು ಎಂದು ಮುಖ ಸಿಂಡರಿಸಿದರು. ಸಿಂಧನೂರಿನ ಗುಮಾಸ್ತರು ಅದನ್ನು ಸ್ಥಿರಾಸ್ತಿ ಎಂದು ಓದಿ, ಸಂಘದ ಜಾಗದ ಸರ್ವೆ ನಂಬರು ಇಲ್ಲೇ ಬರೆಯಬೇಕೇ ಎಂದು ಕೇಳಿದರು. ನನಗೆ ತಲೆ ಕೆಟ್ಟುಹೋಯಿತು.

ಲಿಂಗಸುಗೂರು ಶಾಖೆಯ ಮ್ಯಾನೇಜರರು ಆವತ್ತು ಸಿಂಧನೂರಿಗೆ ಬಂದಿದ್ದರು. ಮನೆಯಲ್ಲಿ ದಖ್ನಿ ಉರ್ದು, ಹೊರಗೆ ಕನ್ನಡ ಮಾತಾಡುವ, ಎರಡರಲ್ಲೂ ಹಾಸ್ಯ ಮಾಡಬಲ್ಲ ಮನುಷ್ಯ. ಹಣೆ ಒತ್ತಿಕೊಳ್ಳುತ್ತಿದ್ದ ನನ್ನನ್ನು ಒಂದಿಷ್ಟು ಹೊತ್ತು ನೋಡಿ ಹೇಳಿದರು:

“ಮೇಡಂ, ಅಷ್ಟ ದೂರ ಯಾಕ ಹೊಂಟೀರಿ? ಬದಲಾಗಲಾರದ್ದಕ್ಕ ನಮ್ಮಲ್ಲಿ ಒಂದ ಮಾತು ಐತಲ್ಲ. ಕಾಯಂ.”

ಎಲ್ಲರೂ ತಲೆಯಾಡಿಸಿದರು. ನನಗೂ ಖುಷಿಯಾಯಿತು. ಪುಟ್ಟ ಶಬ್ದ, ಗುಂಡಿಯ ಮೇಲೆ ಸರಿಯಾಗಿ ಕೂರುತ್ತದೆ, ಮೂರೂ ಊರಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಆವತ್ತೇ ಪರದೆಯ ಮೇಲೆ ‘ಕಾಯಂ ಪಟ್ಟಿ’ ಎಂದು ಬರೆದೆ. ಆ ಶಬ್ದ ನಮ್ಮ ಕಡೆ ಇನ್ನೂ ಏನೇನು ಹೊತ್ತು ತಿರುಗುತ್ತದೆ ಎಂದು ಆಗ ಯಾರೂ ಯೋಚಿಸಲಿಲ್ಲ.

ಪಟ್ಟಿಗೆ ಒಂದೊಂದಾಗಿ ಸೇರಿಸುತ್ತ ಹೋದೆ. ಸಂಘದ ಹೆಸರು, ಚೀಲಗಳ ತೂಕ, ಹಮಾಲಿ ದರ, ಕಚೇರಿಯ ವೇಳೆ. ಪ್ರತಿ ಸಾಲಿನ ಪಕ್ಕದಲ್ಲಿ ಅದು ಯಾವಾಗಿನಿಂದ ಜಾರಿ, ಯಾವ ಶಾಖೆಗಳಿಗೆ ಅನ್ವಯ, ಯಾರು ಅನುಮೋದಿಸಿದರು ಎಂದು ಸಾಫ್ಟ್‌ವೇರೇ ಬರೆದುಕೊಳ್ಳುತ್ತದೆ. ಕೊನೆಗೆ ಉಳಿದದ್ದು ರಸೀದಿಯ ಅಡಿಯಲ್ಲಿ ಬರುವ ವಿಚಾರಣೆಯ ಸಾಲು. ಹಿಂದೆ ಅಲ್ಲಿ ಒಬ್ಬ ನೌಕರನ ಹೆಸರು, ಫೋನ್ ನಂಬರು ಅಚ್ಚಾಗುತ್ತಿತ್ತು. ಅವನು ಕೆಲಸ ಬಿಟ್ಟು ಮುದಗಲ್ಲಿನಲ್ಲಿ ಸ್ವಂತ ಅಂಗಡಿ ಹಾಕಿ ಎಷ್ಟೋ ಕಾಲವಾದರೂ ರೈತರು ಅವನಿಗೇ ಫೋನ್ ಮಾಡಿ ಗೊಬ್ಬರ ಬಂತೇ ಎಂದು ಕೇಳುತ್ತಿದ್ದರು. ಪಾಪ, ಅವನೂ ಸಂಘಕ್ಕೆ ಫೋನ್ ಮಾಡಿ ಕೇಳಿ ಹೇಳುತ್ತಿದ್ದನಂತೆ. ನಾಳೆ ಇನ್ನೊಬ್ಬರು ಹೋದರೂ ಒಂದೇ ಕಡೆ ತಿದ್ದಿದರೆ ಸಾಕು ಎಂದು ಆ ಸಾಲನ್ನೂ ಕಾಯಂ ಪಟ್ಟಿಗೆ ಹಾಕಿದೆ. ಇದರಲ್ಲಿರುವ ತಮಾಷೆ ನೋಡಿ: ಬದಲಾಗುತ್ತದೆ ಎಂಬ ಅನುಮಾನ ಇರುವುದನ್ನೇ ನಾವು ಕಾಯಂ ಎಂದು ಬರೆದಿಡುವುದು.

ಯಾರ ಹೆಸರು ಹಾಕಲಿ ಎಂದು ಕೇಳಿದೆ. ಸಿಂಧನೂರಿನವರು ಫ್ಯಾನು ನೋಡಿದರು. ಲಿಂಗಸುಗೂರಿನ ಮ್ಯಾನೇಜರರು, ಮಸ್ಕಿಯ ಅಕ್ಕನದು ಹಾಕಿ, ಹೇಗೂ ನಾವೂ ಆಕೆಯನ್ನೇ ಕೇಳುತ್ತೇವೆ ಎಂದರು. ಕಾರ್ಯದರ್ಶಿಗಳು ಅಲ್ಲಿಯೇ ಅನುಮೋದನೆ ಒತ್ತಿದರು. ಅಷ್ಟು ಬೇಗ ಅವರು ಏನನ್ನಾದರೂ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಸ್ಕಿಯ ಈ ಹೆಂಗಸಿನ ಬಗ್ಗೆ ಹೇಳಬೇಕು. ಶಾಖೆ ತೆರೆದಾಗ ಕೆಲಸಕ್ಕೆ ಸೇರಿದವಳು. ಆಗಿನ್ನೂ ಮದುವೆಯಾಗಿ ಬಂದ ಹೊಸತು. ಈಗ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಮಸ್ಕಿಯಲ್ಲಿ ಬಿಲ್ಲು ಬರೆಯುವುದು, ದಾಸ್ತಾನು ನೋಡುವುದು, ಬಂದವರಿಗೆ ಉತ್ತರ ಹೇಳುವುದು ಎಲ್ಲ ಆಕೆಯದೇ. ಆದರೆ ಆಕೆ ಹಂಗಾಮಿ. ಹನ್ನೊಂದು ತಿಂಗಳಿಗೆ ಆದೇಶ ಮುಗಿಯುತ್ತದೆ. ಆಗ ಸಿಂಧನೂರಿಗೆ ಬಂದು, ತನ್ನನ್ನು ಮುಂದುವರಿಸಬೇಕಾಗಿ ವಿನಂತಿ ಎಂದು ಅರ್ಜಿ ಬರೆದು, ಕಾರ್ಯದರ್ಶಿಗಳ ಮೇಜಿನ ಮುಂದೆ ನಿಲ್ಲಬೇಕು. ಅವರೇನೂ ಕಾಡಿಸುವುದಿಲ್ಲ, ರುಜು ಹಾಕಿ ಚಹಾ ತರಿಸುತ್ತಾರೆ. ಆದರೂ ನಿಲ್ಲುವುದು ನಿಲ್ಲುವುದೇ. ಕಾಯಂ ಆಗುವುದೊಂದೇ ಆಕೆಗಿದ್ದ ಆಸೆ. ಆಕೆ ಅದನ್ನು ಮುಚ್ಚಿಟ್ಟಿರಲಿಲ್ಲ. ನಾನು ಕಲಿಸಲು ಮಸ್ಕಿಗೆ ಹೋದಾಗಲೆಲ್ಲ, ಮಂಡಳಿಯಲ್ಲಿ ತನ್ನ ವಿಷಯವೇನಾದರೂ ಬಂತೇ ಎಂದು ಕೇಳುತ್ತಿದ್ದಳು. ನನಗೇನು ಗೊತ್ತು ಎನ್ನುತ್ತಿದ್ದೆ.

ಹೊಸ ಸಾಫ್ಟ್‌ವೇರ್ ಚಾಲೂ ಆಗಿ ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ನಾನು ಸಿಂಧನೂರಿನ ಕಚೇರಿಯಲ್ಲಿ ಕಾರ್ಯದರ್ಶಿಗಳ ಎದುರು ಕೂತಿದ್ದೆ. ಆಕೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ಒಳಗೆ ಬಂದಳು. ಇಸ್ತ್ರಿ ಮಾಡಿದ ಸೀರೆ, ತಲೆಯಲ್ಲಿ ಮಲ್ಲಿಗೆ. ಡಬ್ಬಿಯಲ್ಲಿ ಹೋಳಿಗೆ ಇತ್ತು, ಇನ್ನೂ ಬೆಚ್ಚಗೆ. ಮನೆಯಲ್ಲಿ ಏನು ವಿಶೇಷ ಎಂದು ಕೇಳುವ ಮೊದಲೇ ಕಾರ್ಯದರ್ಶಿಗಳು ಒಂದನ್ನು ಬಾಯಿಗಿಟ್ಟಿದ್ದರು. ನಾನೂ ಹಿಂದೆ ಬೀಳಲಿಲ್ಲ. ತುಪ್ಪ ಧಾರಾಳವಾಗಿ ಹಾಕಿದ್ದಳು.

“ಅಕ್ಕಾರ, ಕಂಪ್ಯೂಟರಿನ್ಯಾಗ ನನ್ನ ಹೆಸರು ನೋಡಿದೆ” ಎಂದಳು ನನ್ನ ಕಡೆ ತಿರುಗಿ. “ಕಾಯಂ ಪಟ್ಟಿ ಅಂತ ಐತಿ, ಸಾಹೇಬ್ರ ಅನುಮೋದನೆ ಐತಿ, ಮೂರೂ ಶಾಖೆಗೆ ಅಂತ ಐತಿ. ನಮ್ಮ ಮನಿಯವ್ರಿಗೆ ಕರಕೊಂಡ ಬಂದು ತೋರ್ಸಿದೆ. ಅವ್ರಂದ್ರು, ಇನ್ನ ನೀ ಅರ್ಜಿ ಹಿಡಕೊಂಡು ಹೋಗೂದು ತಪ್ತು ನೋಡು.”

ಕಾರ್ಯದರ್ಶಿಗಳ ದವಡೆ ಅಲ್ಲಿಗೆ ನಿಂತಿತು. ಬಾಯಲ್ಲಿದ್ದ ಹೋಳಿಗೆ ಒಳಗೂ ಹೋಗದೆ ಹೊರಗೂ ಬಾರದೆ ಉಳಿಯಿತು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆದ ಮೇಲೆ ಕಿವಿ ಬಿಸಿಯಾದವು. ಜಾರಿ ದಿನಾಂಕ, ಅನುಮೋದನೆ, ಮೂರೂ ಶಾಖೆ, ಮೇಲೆ ದಪ್ಪಕ್ಷರದಲ್ಲಿ ಕಾಯಂ. ಆಕೆಯ ಜಾಗದಲ್ಲಿ ನಾನಿದ್ದರೂ ಹೋಳಿಗೆಗೆ ಬೇಳೆ ಹಾಕುತ್ತಿದ್ದೆ. ನಾವಿಬ್ಬರೂ ಬಾಯಿ ತೆರೆಯುವಷ್ಟರಲ್ಲಿ ಆಕೆ, ಶಾಖೆ ತೆರೆಯಲು ಹೊತ್ತಾಯಿತು, ಬಸ್ಸು ನಿಂತಿದೆ ಎನ್ನುತ್ತ ಹೊರಟೇಬಿಟ್ಟಳು. ಡಬ್ಬಿಯನ್ನು ಆಮೇಲೆ ಕಳಿಸಿ ಎಂದು ಬಾಗಿಲಿನಿಂದ ಹೇಳಿದಳು.

ಕಾರ್ಯದರ್ಶಿಗಳು ನೀರು ಕುಡಿದು, ಶಬ್ದ ನಿಮ್ಮದು, ಆದ್ದರಿಂದ ಆಕೆಗೆ ನೀವೇ ತಿಳಿಸಿ ಹೇಳಿ ಎಂದರು. ಅನುಮೋದನೆ ನಿಮ್ಮದು, ನೀವು ಹೇಳಿ ಎಂದೆ ನಾನು. ಲಿಂಗಸುಗೂರಿಗೆ ಫೋನ್ ಹಚ್ಚಿದೆವು. ಮ್ಯಾನೇಜರರು ಎಲ್ಲ ಕೇಳಿ, ಯಾ ಅಲ್ಲಾ ಎಂದರು. ಆಕೆಯನ್ನು ನಿಜಕ್ಕೂ ಕಾಯಂ ಮಾಡಬಾರದೇಕೆ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. ಮಾಡಬಾರದು ಅಂತ ಯಾರಂದರು, ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಆ ‘ನೋಡೋಣ’ ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಸಿಟ್ಟಿನಿಂದ ಮಸ್ಕಿಯಲ್ಲಿ ಕೂತವಳಿಗೆ ಏನು ಪ್ರಯೋಜನ? ಆಕೆ ಇಡೀ ಓಣಿಗೆ ಹೇಳಿಕೊಂಡು ಬರುವ ಮೊದಲು ಹೇಳಬೇಕಿತ್ತು. ಡಬ್ಬಿ ತೊಳೆದುಕೊಂಡು ಮರುದಿನ ಲಿಂಗಸುಗೂರಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಏನೇನೋ ಹೊಂದಿಸಿಕೊಂಡೆ. ಪಟ್ಟಿಯ ಹೆಸರನ್ನೇ ಬದಲಿಸಿ, ಕಂಪ್ಯೂಟರ್ ತಪ್ಪು ತೋರಿಸಿತ್ತು ಎನ್ನಲೇ ಅಂತಲೂ ಅನಿಸಿತು. ಜನ ಕಂಪ್ಯೂಟರಿನ ತಲೆಗೆ ಏನು ಕಟ್ಟಿದರೂ ನಂಬುತ್ತಾರೆ. ಆದರೆ ಅದು ನನ್ನ ಅನ್ನ. ಅದರ ಮೇಲೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಮಸ್ಕಿ ಶಾಖೆಯಲ್ಲಿ ಇಬ್ಬರು ರೈತರು ಗೊಬ್ಬರದ ಬಿಲ್ಲಿಗೆ ನಿಂತಿದ್ದರು. ಅವರು ಹೋಗುವ ತನಕ ಕಾದೆ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು ನೌಕರರ ಪಟ್ಟಿಯಲ್ಲ, ಎಲ್ಲ ಕಡೆ ಬೇಕಾಗುವ ಮಾಹಿತಿಯನ್ನು ಒಂದೆಡೆ ಇಟ್ಟ ಪಟ್ಟಿ; ಚೀಲದ ತೂಕ ಇದ್ದ ಹಾಗೆ, ತೆರಿಗೆಯ ದರ ಇದ್ದ ಹಾಗೆ, ರಸೀದಿಯಡಿ ಅಚ್ಚಾಗಲೆಂದು ನಿನ್ನ ಹೆಸರು ಇದೆ ಎಂದೆ. ಆಕೆ ಪರದೆಯನ್ನೇ ನೋಡುತ್ತ ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

ಹಾಗಾದರೆ ತಾನು ಇನ್ನೂ ಹಂಗಾಮಿಯೇ ಎಂದು ಕೇಳಿದಳು. ಹೌದು ಎಂದೆ. ಈ ಹೆಸರನ್ನು ತೆಗೆದರೆ ಎಲ್ಲೆಲ್ಲಿ ಹೋಗುತ್ತದೆ ಎಂದು ಕೇಳಿದಳು. ಇಲ್ಲಿ ತೆಗೆದರೆ ಮೂರೂ ಊರಿನ ರಸೀದಿಗಳಿಂದ ಹೋಗುತ್ತದೆ ಎಂದೆ.

“ತಗೀರಿ ಅಕ್ಕಾರ” ಎಂದಳು. “ಕಾಯಂ ಇಲ್ಲದಾಕಿ ಹೆಸರು ಕಾಯಂ ಪಟ್ಟಿನ್ಯಾಗ ಯಾಕ? ನಮ್ಮ ಮನಿಯವ್ರು ಬಂದು ನೋಡಿ ಹೋಗ್ಯಾರ. ಮತ್ತೊಮ್ಮೆ ಬಂದ್ರ ಏನಂತ ತೋರ್ಸ್ಲಿ? ನೀವ ಹಾಕೀರಿ, ನೀವ ತಗೀರಿ.”

ಬೇಡ ತಂಗಿ, ಇರಲಿ ಎಂದು ಹೇಳಿ ನೋಡಿದೆ. ಆಕೆ ಒಪ್ಪಲಿಲ್ಲ. ದನಿ ಏರಿಸಲಿಲ್ಲ, ಅಳಲಿಲ್ಲ. ಮೌಸನ್ನು ನನ್ನ ಕಡೆ ಸರಿಸಿ, ಬಿಲ್ಲಿನ ಕಾಗದ ಜೋಡಿಸುತ್ತ ಕೂತಳು. ಆ ಹೊತ್ತು ಆಕೆಯ ಮೇಲೆ ನನಗೆ ಮರುಕಕ್ಕಿಂತ ಹೆಚ್ಚಾಗಿ ಮೆಚ್ಚುಗೆಯೇ ಬಂತು. ಕೇಳಿದ್ದು ನ್ಯಾಯವಾಗಿತ್ತು.

ಹೆಸರು ಅಳಿಸಿದೆ. ಸಾಫ್ಟ್‌ವೇರ್ ಬಿಡಲಿಲ್ಲ. ಈ ಕಾಯಂ ಬಳಕೆಯಲ್ಲಿದೆ, ಖಾಲಿ ಬಿಡುವಂತಿಲ್ಲ ಎಂದು ಕೆಂಪಕ್ಷರದಲ್ಲಿ ಹೇಳಿತು. ಆ ಸಂದೇಶವನ್ನು ಕನ್ನಡಕ್ಕೆ ತಂದವಳೂ ನಾನೇ. ಇನ್ನೊಬ್ಬರ ಹೆಸರು ಬೇಕಾಯಿತು. ಲಿಂಗಸುಗೂರಿಗೆ ಫೋನ್ ಮಾಡಿದೆ. ಮ್ಯಾನೇಜರರು ದಯವಿಟ್ಟು ತಮ್ಮದು ಬೇಡ, ಊಟದ ಹೊತ್ತಿನಲ್ಲೂ ಫೋನ್ ಹಿಡಿದರೆ ಹೆಂಡತಿ ಮನೆಗೆ ಸೇರಿಸುವುದಿಲ್ಲ ಎಂದರು. ಸಿಂಧನೂರಿನ ಗುಮಾಸ್ತರು ತಮ್ಮ ಫೋನು ಕೆಟ್ಟಿದೆ ಎಂದು ಅದೇ ಫೋನಿನಲ್ಲಿ ಹೇಳಿದರು. ಕಾಯಂ ಇರುವವರು ಯಾರಿಗೂ ಕಾಯಂ ಪಟ್ಟಿಗೆ ಬರಲು ಮನಸ್ಸಿಲ್ಲ. ಸರಿ, ಅನುಮೋದನೆ ಕೊಟ್ಟವರೇ ಇರಲಿ ಎಂದು ಕಾರ್ಯದರ್ಶಿಗಳ ಹೆಸರು, ಅವರ ಸ್ವಂತ ನಂಬರು ಹಾಕಿ ಉಳಿಸಿದೆ. ಅವರನ್ನು ಕೇಳಲಿಲ್ಲ. ಕೇಳಿದ್ದರೆ ನೋಡೋಣ ಎನ್ನುತ್ತಿದ್ದರು. ಹೀಗೆ ಮಾಡಿದ್ದಕ್ಕೆ ನನಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ, ಈಗಲೂ ಇಲ್ಲ.

ಅದು ಬಿತ್ತನೆಯ ಹೊತ್ತು. ರೈತರಿಗೆ ರಸೀದಿಯ ಅಡಿಯಲ್ಲಿ ನಂಬರು ಇದೆ ಎಂದರೆ ಅದು ಫೋನ್ ಮಾಡಲಿಕ್ಕೇ ಇದೆ. ಕಾರ್ಯದರ್ಶಿಗಳ ಫೋನು ಬೆಳಗಿನ ಜಾವಕ್ಕೇ ಶುರುವಾಗುತ್ತಿತ್ತಂತೆ. ಗೊಬ್ಬರದ ಲಾರಿ ಎಲ್ಲಿಗೆ ಬಂತು, ತೊಗರಿ ಬೀಜ ಯಾವ ದಿನ ಕೊಡುತ್ತೀರಿ, ಮೊನ್ನೆ ಒಯ್ದ ಚೀಲ ಹರಿದಿತ್ತು, ನಮ್ಮ ಮಾವ ರಸೀದಿ ಕಳೆದುಕೊಂಡಿದ್ದಾನೆ. ಒಬ್ಬ ತಾಯಿ ತನ್ನ ಮಗ ಸಂಘದಿಂದ ಹೊರಟನೇ ಇಲ್ಲವೇ ಎಂದು ಕೇಳಿದಳಂತೆ. ಸ್ನಾನಕ್ಕೆ ಹೋದರೆ ಫೋನು, ಪೂಜೆಗೆ ಕೂತರೆ ಫೋನು. ಇಷ್ಟೆಲ್ಲ ಕರೆಗಳನ್ನು ಮಸ್ಕಿಯಲ್ಲಿ ಆಕೆ ಬಿಲ್ಲು ಬರೆಯುತ್ತಲೇ ಮುಗಿಸುತ್ತಿದ್ದಳು ಎಂಬುದು ಆಗ ಎಲ್ಲರಿಗೂ ಒಂದೇ ಸಲ ಹೊಳೆಯಿತು. ನನಗೂ ಆಗಲೇ ಹೊಳೆದದ್ದು.

ವಾರ ತುಂಬುವ ಮೊದಲೇ ಕಾರ್ಯದರ್ಶಿಗಳು ನನ್ನನ್ನು ಕರೆಸಿ, ತಮ್ಮ ಹೆಸರು ತೆಗೆಯಲು ಹೇಳಿದರು. ಖಾಲಿ ಬಿಡಲು ಬರುವುದಿಲ್ಲ, ಬೇರೆ ಹೆಸರು ಕೊಡಿ ಎಂದೆ. ಅವರು ಸಿಟ್ಟಾಗಲಿಲ್ಲ, ಅದು ಅವರ ದೊಡ್ಡತನ. ಆಮೇಲೆ ತಾವಾಗಿಯೇ ಹೇಳಿದರು: ಆಕೆಯ ವಿಷಯ ಹಿಂದೆಯೂ ಸಭೆಯ ಮುಂದೆ ಬರಬೇಕಿತ್ತು, ಪ್ರತಿ ಸಲ ತಾವೇ ಅದನ್ನು ಕೊನೆಯ ವಿಷಯವಾಗಿ ಇಡುತ್ತಿದ್ದರು, ಕೊನೆಗೆ ಬರುವ ಹೊತ್ತಿಗೆ ಚಹಾ ಬಂದು, ಸದಸ್ಯರು ಬಸ್ಸಿನ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದರು. ಈ ಸಲ ಮೊದಲಿಗೆ ಇಡಿ ಎಂದೆ. ಇಟ್ಟರು.

ಸಭೆಗೆ ನನ್ನನ್ನೂ ಕರೆದಿದ್ದರು, ಹೊಸ ಸಾಫ್ಟ್‌ವೇರ್ ತೋರಿಸಲಿಕ್ಕೆ. ಅಧ್ಯಕ್ಷರು ಮುಕ್ಕುಂದದ ಕಡೆಯ ಭತ್ತದ ರೈತರು, ವಯಸ್ಸಾದವರು, ಮಾತು ಕಡಿಮೆ. ಕಾರ್ಯದರ್ಶಿಗಳು ನಡೆದದ್ದನ್ನೆಲ್ಲ, ಹೋಳಿಗೆಯನ್ನೂ ಬಿಡದೆ ಹೇಳಿದರು. ಲಿಂಗಸುಗೂರಿನ ಮ್ಯಾನೇಜರರು ಎದ್ದು, ಕಾಯಂ ಅನ್ನುವ ಶಬ್ದ ಕೊಟ್ಟವನು ನಾನು, ಮೇಡಂ ಅವರದೇನೂ ತಪ್ಪಿಲ್ಲ ಎಂದರು. ಅಧ್ಯಕ್ಷರು ಕನ್ನಡಕ ತೆಗೆದು ಎಲ್ಲರ ಮುಖ ನೋಡಿದರು.

“ಈಕಿನ್ನ ನಾವು ಯಾವಾಗೋ ಕಾಯಂ ಮಾಡೀವಿ ಅಂತನ ನಾ ತಿಳಕೊಂಡೀನಲ್ಲಪಾ” ಎಂದರು.

ನಾವೂ ಹಾಗೇ ತಿಳಿದಿದ್ದೆವು ಎಂದು ಇನ್ನೊಬ್ಬ ಸದಸ್ಯರು ಹೇಳಿದರು. ಮತ್ತೊಬ್ಬರೂ ಹೇಳಿದರು. ಇಡೀ ಮಂಡಳಿಯ ಲೆಕ್ಕದಲ್ಲಿ ಆಕೆ ಎಂದೋ ಕಾಯಂ ಆಗಿದ್ದಳು. ಆಗಿಲ್ಲವೆಂದು ಗೊತ್ತಿದ್ದದ್ದು ಆಕೆಗೆ, ಕಾರ್ಯದರ್ಶಿಗಳಿಗೆ ಮತ್ತು ನಮ್ಮಂಥ ಒಂದಿಬ್ಬರಿಗೆ ಮಾತ್ರ. ಯಾರೂ ಬೇಡವೆಂದಿರಲಿಲ್ಲ, ಯಾರೂ ಮಾಡಿಯೂ ಇರಲಿಲ್ಲ. ಅಲ್ಲಿಯೇ ಠರಾವು ಬರೆದರು, ಎಲ್ಲರೂ ರುಜು ಹಾಕಿದರು. ಚಹಾ ಇನ್ನೂ ಬಂದಿರಲಿಲ್ಲ.

ಕಾರ್ಯದರ್ಶಿಗಳು ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಾಕಿ ಮಸ್ಕಿಗೆ ಕರೆ ಮಾಡಿದರು. ಯವ್ವಾ, ನಿನ್ನನ್ನು ಕಾಯಂ ಮಾಡಿದ್ದೇವೆ ಎಂದರು. ಆ ಕಡೆ ಯಾರೋ ಚೀಲ ಇಳಿಸುತ್ತಿರುವ ಸದ್ದು, ಹಮಾಲರ ಮಾತು. ಆಕೆಯ ದನಿ ಬರಲಿಲ್ಲ. ಫೋನು ಕಟ್ಟಾಯಿತೇನೋ ಎಂದು ಅವರು ಕೈಗೆತ್ತಿಕೊಂಡು ನೋಡಿದರು.

“ಯಾವ ಕಾಯಂ ರೀ ಸಾಹೇಬ್ರ?” ಎಂದಳು. “ಕಂಪ್ಯೂಟರಿಂದೋ, ಖರೇದೋ?”

ಯಾರಾದರೂ ನಗುತ್ತಾರೆಂದು ನಾನು ಅಂದುಕೊಂಡಿದ್ದೆ. ನಗಲಿಲ್ಲ. ಕಾರ್ಯದರ್ಶಿಗಳು ತಲೆ ತಗ್ಗಿಸಿ, ಖರೇದು ಯವ್ವಾ, ಠರಾವು ಆಗಿದೆ ಎಂದರು. ಆದೇಶದ ಕಾಗದವನ್ನು ನಾನೇ ತರುತ್ತೇನೆ, ನೀನು ಬರಬೇಡ ಎಂದೂ ಸೇರಿಸಿದರು. ಮರುದಿನವೇ ಮೋಟರ್ ಸೈಕಲ್ ಮೇಲೆ ಹೋಗಿ ಕೊಟ್ಟು ಬಂದರು. ನಾಳೆ ಅನ್ನಲಿಲ್ಲ. ಆಕೆ ಮುದ್ರೆಯ ಮೇಲೆ ಬೆರಳಾಡಿಸಿ ನೋಡಿದಳು, ಶಾಯಿ ಅಂಟುತ್ತದೋ ಏನೋ ಎಂದು ಪರೀಕ್ಷಿಸಿದಳು ಎಂದು ಅವರೇ ಬಂದು ಹೇಳಿದರು.

ವಿಚಾರಣೆಯ ಸಾಲಿಗೆ ಮತ್ತೆ ನಿನ್ನ ಹೆಸರು ಹಾಕಲೇ ಎಂದು ಫೋನಿನಲ್ಲಿ ಕೇಳಿದೆ. ಹೆಸರು ಬೇಡ, ಮಸ್ಕಿ ಕಚೇರಿ ಎಂದು ಹಾಕಿ, ಕಚೇರಿಗೇ ಒಂದು ಫೋನ್ ತರಿಸಿ, ಅದಕ್ಕೆ ಬಂದರೆ ತಾನು ಉತ್ತರ ಹೇಳುತ್ತೇನೆ ಎಂದಳು. ಹಾಗೇ ಮಾಡಿದೆ. ಒಂದು ಕಡೆ ಬದಲಿಸಿದೆ, ಮೂರೂ ಊರಿನಲ್ಲಿ ಬದಲಾಯಿತು. ಕಾರ್ಯದರ್ಶಿಗಳು ಆವತ್ತು ನೆಮ್ಮದಿಯಾಗಿ ಸ್ನಾನ ಮಾಡಿರಬೇಕು. ಪಟ್ಟಿಯ ಶೀರ್ಷಿಕೆ ಬದಲಿಸಲೇ ಎಂದು ಯೋಚಿಸಿದೆ. ಬೇರೆ ಶಬ್ದ ಸಿಗಲಿಲ್ಲ. ‘ಕಾಯಂ’ ಪಕ್ಕದಲ್ಲಿ ‘ಮಾಹಿತಿ’ ಎಂದೊಂದು ಪದ ಸೇರಿಸಿ ಅಷ್ಟಕ್ಕೇ ಬಿಟ್ಟೆ.

ಆಕೆಯ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಇದು ಮುಗಿಯುವುದಿಲ್ಲ. ಹಂಗಾಮಿ ಇದ್ದಷ್ಟು ಕಾಲ ಆಕೆ ಕೆಲಸ ತಪ್ಪಿಸಿದ್ದು ಬಾಣಂತನಕ್ಕೊಮ್ಮೆ, ಮತ್ತೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ. ಆಗಲೂ ಜೀವ ಶಾಖೆಯಲ್ಲೇ ಇರುತ್ತಿತ್ತು. ತನ್ನ ಕುರ್ಚಿಯಲ್ಲಿ ಬೇರೆಯವರು ಕೂತು, ಇವರೇ ಇರಲಿ ಎಂದು ಸಂಘದವರಿಗೆ ಅನಿಸಿಬಿಟ್ಟರೆ ಎಂಬ ಹೆದರಿಕೆ. ಜ್ವರ ಬಂದರೂ ಬಂದು ಕೂರುತ್ತಿದ್ದಳು ಎಂದು ಹಮಾಲರು ಹೇಳುತ್ತಿದ್ದರು.

ಒಂದು ಬುಧವಾರ ಮಧ್ಯಾಹ್ನ ನಾನು ಗಿರಣಿಯೊಂದರಲ್ಲಿ ಕೆಲಸದಲ್ಲಿದ್ದಾಗ ಆಕೆಯ ಫೋನು ಬಂತು. ಕೆಲಸದ ದಿನ, ಕೆಲಸದ ಹೊತ್ತು; ಮಸ್ಕಿಯಲ್ಲಿ ಏನೋ ಕೆಟ್ಟಿರಬೇಕೆಂದು ಗಾಬರಿಯಿಂದಲೇ ಎತ್ತಿದೆ. ಹಿಂದೆ ಯಾವ ಗದ್ದಲವೂ ಇರಲಿಲ್ಲ. ಎಲ್ಲೋ ಕೋಳಿಯೊಂದು ಕೂಗಿದ್ದು ಕೇಳಿಸಿತು. ಏನಾಯಿತು ತಂಗಿ ಎಂದೆ. ಏನೂ ಆಗಿಲ್ಲ, ಮನೆಯಲ್ಲಿದ್ದೇನೆ, ಇವತ್ತು ರಜೆ ಹಾಕಿದ್ದೇನೆ ಎಂದಳು. ಮಗಳಿಗೆ ಹುಷಾರಿಲ್ಲವೇ, ಮನೆಯವರಿಗೆ ಏನಾದರೂ ಆಯಿತೇ ಎಂದು ಒಂದೇ ಉಸಿರಿಗೆ ಕೇಳಿದೆ.

“ಎಲ್ಲಾರೂ ಆರಾಮ ಅದಾರ ಅಕ್ಕಾರ” ಎಂದಳು. “ಸುಮ್ನ ಹಾಕೀನಿ.”